ಸಾವಂತವಾಡಿ ಅರಮನೆ: ಮನಿಮಂದಿ ಕರ್ಕೊಂಡು ಹೋಗಿಬಂದವರು ಹೇಳ್ರಿ

ಪ್ರಶ್ನೆ (ಬೆಳಗಾವಿ, ವಡಗಾವಿ): ಒಂದು ದಿನದ ಮಟ್ಟಿಗೆ ಮಹಾರಾಷ್ಟ್ರದ ಸಾವಂತವಾಡಿ ಅರಮನೆ ನೋಡಿ ಬರಬೇಕಂತ ಐತಿ. ಅತ್ತಿಯವರಿಗೆ ಮೊಣಕಾಲು ನೋವು, ಮಗಳಿಗೆ ಚಿತ್ರ ಬರಿಯೋ ಹುಚ್ಚು. ಒಳಗ ನೋಡಾಕ ಏನೇನ ಅದಾವ? ಇಲ್ಲಾ ಕೊಲ್ಲಾಪುರದ ನ್ಯೂ ಪ್ಯಾಲೇಸೇ ಛಲೋನ?

ಚಿತ್ರಕಲಾ ಶಿಕ್ಷಕಿ, ಗೋಕಾಕ: ಮಗಳಿಗಾಗಿ ಹೋಗೋದಾದರೆ ಸಾವಂತವಾಡಿಗೇ ಹೋಗಿ. ಅರಮನೆ ಮೂರನೇ ಖೇಮ್ ಸಾವಂತರ (1755–1803) ಕಾಲದ್ದು, ಕೆಂಪು ಜಂಬಿಟ್ಟಿಗೆ ಕಲ್ಲಿನದು. ಆದರೆ ಅಲ್ಲಿಯ ಜೀವ ಇರೋದು ದರ್ಬಾರ್ ಹಾಲ್‌ನಲ್ಲಿ. ಗಂಜೀಫಾ, ಅಂದರೆ ಕೈಯಲ್ಲೇ ಚಿತ್ರ ಬರೆದ ಇಸ್ಪೀಟಿನಂಥ ಆಟದ ಎಲೆ, ಬರೆಯುವ ಕಲಾವಿದರು ಅಲ್ಲೇ ಕೂತು ಕೆಲಸ ಮಾಡ್ತಾರೆ. ಎಲೆಗಳೆಲ್ಲ ದುಂಡಗೆ, ಅಂಗೈಯಲ್ಲಿ ಹಿಡಿಸುವಷ್ಟು. ದಶಾವತಾರ ಗಂಜೀಫಾದ ಒಂದು ಕಟ್ಟಿನಲ್ಲಿ 120 ಎಲೆ: ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ಆ ಹನ್ನೆರಡರಲ್ಲಿ ರಾಜ, ಮಂತ್ರಿ ಬಿಟ್ಟರೆ ಉಳಿದ ಹತ್ತರಲ್ಲಿ ಅವತಾರದ ಗುರುತು. ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ. ಹುಡುಗಿಗೆ ಮೊದಲೇ ದಶಾವತಾರದ ಕಥೆ ಹೇಳಿ ಕರ್ಕೊಂಡು ಹೋಗಿ, ಎಲೆ ನೋಡಿ ತಾನೇ ಗುರುತು ಹಿಡೀತಾಳೆ.

ಈ ಕಲೆ ಅಲ್ಲಿ ಇನ್ನೇನು ನಿಂತೇ ಹೋಗುತ್ತೆ ಅನ್ನುವಾಗ ರಾಜಾ ಶಿವರಾಮರಾಜೇ ಭೋಂಸ್ಲೆ, ರಾಣಿ ಸತ್ವಶೀಲಾದೇವಿ ಇಬ್ಬರೂ ಪುಂಡಲೀಕ ಚಿತಾರಿ ಎಂಬ ವೃದ್ಧ ಕಲಾವಿದರಿಂದ ಕಲಿತರು. 1970ರ ದಶಕದಲ್ಲಿ ಅರಮನೆಯೊಳಗೇ ಊರವರಿಗೆ ಕೆಲಸ ಕೊಟ್ಟು ಕಲಿಸಿದರು. ರಾಣಿಯವರು 2018ರಲ್ಲಿ ತೀರಿಕೊಂಡರು, ಕೆಲಸ ನಿಂತಿಲ್ಲ. ಸಿಂಹಾಸನ ನೋಡಿ ಫೋಟೋ ತೆಗೆದು ಓಡಿಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತೆ. ಕುಂಚ ಹಿಡಿದವರ ಪಕ್ಕ ಸ್ವಲ್ಪ ಹೊತ್ತು ಕೂಡಿ. ನಮ್ಮ ಮೈಸೂರಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಗಂಜೀಫಾ ಬೆಳೆದಿತ್ತು, ಅದನ್ನೂ ಮಗಳಿಗೆ ಹೇಳಿ.

ಶಹಾಪುರದಿಂದ: ಮಳಿಗಾಲದಾಗ ಹೋಗಬ್ಯಾಡ್ರಿ. ಅಂಬೋಲಿ ಘಾಟಿನ್ಯಾಗ ಮಂಜು ಬಿದ್ದು ದಾರಿ ಕಾಣೂದಿಲ್ಲ, ಶನಿವಾರ ರವಿವಾರ ಜಲಪಾತ ನೋಡೋರ ಗಾಡಿ ಬ್ಯಾರೆ. ದೀಪಾವಳಿ ಆದಮ್ಯಾಲ ಛಲೋ. ಅತ್ತಿಯವರಿಗೆ ಎಲ್ಲಾ ಕೋಣಿ ಸುತ್ತಸಬ್ಯಾಡ್ರಿ, ದರ್ಬಾರ್ ಹಾಲ್ ಒಂದು ತೋರಿಸಿ ಎದುರಿಗಿನ ಮೋತಿ ತಲಾವ್ ಕೆರಿ ದಂಡಿಗೆ ಕುಂದರ್ಸ್ರಿ. ಗಾಳಿ ಛಂದ ಬೀಸ್ತದ. ಹೊರಡೂ ಮುಂಚೆ ಫೋನ್ ಹಚ್ಚಿ, ಕಲಾವಿದರು ಅವತ್ತ ಕೆಲಸಕ್ಕ ಇರ್ತಾರೋ ಇಲ್ಲೋ ಕೇಳ್ಕೊಂಡ ಬಿಡ್ರಿ.

ನಿಪ್ಪಾಣಿಯಿಂದ: ಕೊಲ್ಲಾಪುರದ್ದೂ ನೋಡೂವಂಥಾದ್ದ. ಮೇಜರ್ ಚಾರ್ಲ್ಸ್ ಮ್ಯಾಂಟ್ ನಕ್ಷೆ ಹಾಕಿದ್ದು, 1884ಕ್ಕ ಮುಗೀತು. ಕರೀ ಕಲ್ಲಿನ ಕಟ್ಟಡ, ಎಂಟು ಮೂಲಿ ಗಡಿಯಾರ ಗೋಪುರ. ಒಳಗ ಆಯುಧ, ಶಿಕಾರಿ ಮಾಡಿದ ಪ್ರಾಣಿ ಬಾಳ. ಎರಡನ್ನೂ ಒಂದ ದಿನದಾಗ ತುರುಕಬ್ಯಾಡ್ರಿ, ಅತ್ತಿಯವರು ಸೋತ ಹೋಗ್ತಾರ.

ಖಾನಾಪುರದಿಂದ: ಗಂಜೀಫಾದ ಪೂರ್ತಿ ಕಟ್ಟು ಕೈಲೇ ಬರ್ದದ್ದು, ಅದಕ್ಕ ದುಬಾರಿ. ರೇಟಿಗೆ ಜಗ್ಗಾಡಬ್ಯಾಡ್ರಿ, ಆ ದುಡ್ಡಿನಿಂದನ ಕಲೆ ಉಳಿದದ. ಕಡಿಮಿಯಾಗಬೇಕಂದ್ರ ಗಂಜೀಫಾ ಚಿತ್ರದ ಸಣ್ಣ ಸಾಮಾನು ಸಿಗ್ತಾವ. ಕಟ್ಟಿಗಿ ಆಟಿಗಿ, ಕಟ್ಟಿಗಿ ಹಣ್ಣು ಬೇಕಂದ್ರ ಪ್ಯಾಟ್ಯಾಗ ಚಿತಾರ ಆಳಿ ಅನ್ನೂ ಓಣಿ ಎಲ್ಲೈತಿ ಕೇಳ್ರಿ, ಯಾರರ ತೋರಸ್ತಾರ.