ಪ್ಯಾಲೆಸ್ತ್ರೀನಾ ‘ಸಿಕುತ್ ಚೆರ್ವುಸ್’: ಟೆನರ್ ಇಬ್ಬರೇ ಇದ್ದರೆ ಆಗುತ್ತಾ?

ಪ್ರಶ್ನೆ (ಮೈಸೂರು):
ನಮ್ಮದು ಸಣ್ಣ ಚರ್ಚಿನ ಕಾಯರ್. ಒಟ್ಟು ಹನ್ನೊಂದು ಜನ, ಟೆನರ್ (ಗಂಡಸರ ಎತ್ತರದ ದನಿ) ಇಬ್ಬರೇ. ಈ ಸಲ ಪಾಸ್ಖ ಜಾಗರಣೆಗೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೆ) ‘ಸಿಕುತ್ ಚೆರ್ವುಸ್’ ಹಾಡುವ ಆಸೆ. ಇಟಲಿಯ ಹಳೇ ಸಂಗೀತಗಾರ ಪ್ಯಾಲೆಸ್ತ್ರೀನಾ ನಾಲ್ಕು ದನಿಗೆ ಬರೆದ ಲ್ಯಾಟಿನ್ ಹಾಡು ಅದು. ಒಂದೊಂದೇ ದನಿ ಹಾಡಿಕೊಂಡರೆ ಚೆನ್ನಾಗಿಯೇ ಬರುತ್ತದೆ, ನಾಲ್ಕೂ ಸೇರಿದ ಕೂಡಲೇ ದೇವರಾಜ ಮಾರ್ಕೆಟ್ ಆಗಿಬಿಡುತ್ತದೆ. ಕೀಬೋರ್ಡ್ ಜೊತೆಗಿದ್ದರೂ ಅಷ್ಟೇ. ಕರ್ನಾಟಕ ಸಂಗೀತ ಕಲಿತ ನಮ್ಮ ಸೊಪ್ರಾನೊ (ಎಲ್ಲಕ್ಕಿಂತ ಮೇಲಿನ ದನಿ) ಒಬ್ಬರು ತೊಡೆ ಮೇಲೆ ಆದಿತಾಳ ಹಾಕಿ ಹಾಕಿ ಸುಸ್ತಾದರು. ಕೈಬಿಡೋದಾ?

ಹಳೇ ಟೆನರ್:
ಬಿಡಬೇಡಿ. ಮೊದಲು ಆ ಕೀಬೋರ್ಡ್ ಮುಚ್ಚಿಡಿ.

ಇದರಲ್ಲಿ ಟೆನರ್ ಎತ್ತಿಕೊಂಡ ಎಳೆಯನ್ನೇ ಆಲ್ಟೊ (ಸೊಪ್ರಾನೊಗಿಂತ ಕೆಳಗಿನ ದನಿ) ಹಿಡಿಯುತ್ತಾರೆ, ಆಮೇಲೆ ಸೊಪ್ರಾನೊ, ಕೊನೆಗೆ ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ). ಅಂದರೆ ಶುರುವಿನಲ್ಲಿ ನಿಮ್ಮ ಇಬ್ಬರ ದನಿ ಬಿಟ್ಟು ಬೇರೆ ಸದ್ದೇ ಇರುವುದಿಲ್ಲ, ಅಲ್ಲಿ ಇಬ್ಬರು ಧಾರಾಳ ಸಾಕು. ಅವರ ದನಿ ಮುಳುಗುವುದು ಹಾಡಿನ ನಡುವೆ. ಅಲ್ಲಿಗೆ ಕೆಳಗಿನ ಸ್ವರ ಹಿಡಿಯಬಲ್ಲ ಆಲ್ಟೊ ಒಬ್ಬರನ್ನು ಟೆನರ್ ಪಕ್ಕ ನಿಲ್ಲಿಸಿ.

ತಾಳದ ಗೋಳಿಗೆ ಕಾರಣ ಪುಟದ ಮೇಲೆ ಸ್ವರಸಾಲನ್ನು ಕತ್ತರಿಸುವ ನಿಲುವುಗೆರೆ (ಬಾರ್‌ಲೈನ್). ಇದು 1604ರಲ್ಲಿ, ಪ್ಯಾಲೆಸ್ತ್ರೀನಾ ತೀರಿಕೊಂಡ ಹತ್ತು ವರ್ಷಕ್ಕೆ ಅಚ್ಚಾದ ಪುಸ್ತಕದಲ್ಲಿದೆ. ಆ ಕಾಲದಲ್ಲಿ ಪ್ರತಿ ದನಿಗೂ ಬೇರೆ ಪುಸ್ತಕ, ಅದರಲ್ಲಿ ಗೆರೆಯೇ ಇರಲಿಲ್ಲ. ಈಗಿನವರು ಓದೋಕೆ ಸುಲಭವಾಗಲಿ ಅಂತ ಹಾಕಿದ್ದಾರೆ. ಗೆರೆ ಸಿಕ್ಕಲ್ಲೆಲ್ಲ ಒತ್ತು ಕೊಟ್ಟರೆ ಕೆಟ್ಟಿತು. ಪದ ಎಲ್ಲಿ ಒತ್ತು ಕೇಳುತ್ತದೋ ಅಲ್ಲಿ ಕೊಡಿ: ‘ದೆಸೀದೆರಾತ್’ನಲ್ಲಿ ‘ಸೀ’, ‘ಫೊಂತೆಸ್’ನಲ್ಲಿ ‘ಫೊಂ’. ಹೀಗೆ ಮಾಡಿದರೆ ನಾಲ್ಕು ದನಿಯ ಒತ್ತು ನಾಲ್ಕು ಕಡೆ ಬೀಳುತ್ತದೆ. ಬೀಳಲಿ, ಅದೇ ಇದರ ಸೊಗಸು. ಎಣಿಕೆಗೆ ಕೈ ಕೆಳಗೆ, ಕೈ ಮೇಲೆ, ಅಷ್ಟು ಸಾಕು.

ಮಂಡ್ಯ ಆಲ್ಟೊ:
‘ಚೆರ್ವುಸ್’ ಅನ್ನಿ, ಪ್ಲೀಸ್. ನಾವು ಎರಡು ವರ್ಷ ‘ಸರ್ವಸ್’ ಅಂತಲೇ ಹಾಡಿದೆವು, ಜಿಂಕೆ ಹೋಗಿ ‘ಸೇವಕ’ ಆಗಿಬಿಟ್ಟಿತ್ತು! ಇನ್ನೊಂದು ಮಾತು. ಟೆನರ್‌ಗೆ ಎತ್ತರ ಜಾಸ್ತಿ ಅನ್ನಿಸಿದರೆ ಅರ್ಧ ಸ್ವರ ಇಳಿಸಿ, ಪಾಪವೇನಿಲ್ಲ. ಆಗ ಎಲ್ಲ ಊರಿಗೂ ಒಂದೇ ಶ್ರುತಿ ಇರಲಿಲ್ಲ. ಶ್ರುತಿಪೆಟ್ಟಿಗೆ ಮೊದಲ ಸ್ವರ ಹಿಡಿಯೋಕೆ ಮಾತ್ರ ಇರಲಿ, ಆಮೇಲೆ ಆರಿಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಆದರೆ ಫಾದರ್ ‘ಲ್ಯಾಟಿನ್ ಯಾಕೆ, ಜನಕ್ಕೆ ಅರ್ಥ ಆಗಲ್ಲ’ ಅಂತಿದ್ದಾರೆ.

ಹಳೇ ಟೆನರ್:
ಅವರ ಮಾತು ಪೂರ್ತಿ ತಪ್ಪಲ್ಲ. ಆದರೆ ಇದು 42ನೇ ಕೀರ್ತನೆ, ಲ್ಯಾಟಿನ್ ಬೈಬಲ್ ಎಣಿಕೆಯಲ್ಲಿ 41. ಬಾಯಾರಿದ ಜಿಂಕೆ ನೀರಿಗೆ ಹಾತೊರೆಯುವ ಹಾಗೆ ಜೀವ ದೇವರಿಗೆ ಹಾತೊರೆಯುತ್ತದೆ ಅನ್ನುವ ಸಾಲು. ಹಿಂದೆ ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನದ ತೊಟ್ಟಿಯ ಕಡೆ ಮೆರವಣಿಗೆ ಹೋಗುವಾಗ ಹಾಡುತ್ತಿದ್ದ ಮಾತುಗಳೇ ಇವು. ಈಗಲೂ ಏಳನೇ ವಾಚನದ ನಂತರ ಹಾಡುವ ಕೀರ್ತನೆಗಳಲ್ಲಿ ಇದೂ ಒಂದು. ಅದನ್ನು ಕನ್ನಡದಲ್ಲಿ ಜನರಿಂದ ಹಾಡಿಸಿ, ಆಮೇಲೆ ನೀರಿನ ಹತ್ತಿರ ಹೋಗುವಾಗ ನೀವು ಲ್ಯಾಟಿನ್‌ನಲ್ಲಿ ಹಾಡಿ. ವ್ಯಾಟಿಕನ್ ಪರಿಷತ್ತಿನ 1963ರ ಆರಾಧನಾ ದಸ್ತಾವೇಜು ಇಂಥ ಬಹುದನಿ ಹಾಡನ್ನು ಹೊರಗಿಟ್ಟಿಲ್ಲ. ಅದನ್ನೂ ಮೆಲ್ಲಗೆ ಹೇಳಿ ನೋಡಿ, ಜಗಳ ಬೇಡ.

ಪ್ರಶ್ನೆ ಕೇಳಿದವರು:
ನಿನ್ನೆ ಕೀಬೋರ್ಡ್ ಮುಚ್ಚಿ, ವೃತ್ತವಾಗಿ ನಿಂತು ಹಾಡಿದೆವು. ಎರಡನೇ ಪುಟದಲ್ಲಿ ಬೇಸ್ ದಾರಿ ತಪ್ಪಿದರು, ಆದರೂ ಯಾರೂ ನಿಲ್ಲಿಸಲಿಲ್ಲ, ಆಲ್ಟೊ ಕಿವಿಗೆ ಸಿಕ್ಕಿದ್ದೇ ತಾವೇ ವಾಪಸ್ ಬಂದು ಸೇರಿಕೊಂಡರು. ಫಾದರ್ ‘ನೋಡೋಣ’ ಅಂದಿದ್ದಾರೆ. ಎರಡನೇ ಭಾಗ ‘ಸಿತಿವಿತ್’ ಈ ವರ್ಷ ಬೇಡ, ಅಲ್ವಾ?