ತೆಂಗಿನಕಾಯಿ ಹಾಕದ ಹುರುಳಿ ಬಸ್ಸಾರು: ಕಟ್ಟು ಯಾಕೆ ನೀರಾಗ್ತಿದೆ?

ಸೌದೆಒಲೆ:
ಹಳೇ ಮೈಸೂರು ಕಡೆ ಬರದ ವರ್ಷಗಳಲ್ಲಿ ಮಾಡ್ತಿದ್ದ ಹುರುಳಿ ಬಸ್ಸಾರು ಬೇಕು. ಕಾಯಿ ಇಲ್ಲದೆ, ಒಂದೇ ಚಮಚ ಎಣ್ಣೆಯಲ್ಲಿ ಆಗಬೇಕು. ಒಂದು ಪಾವು (ಸುಮಾರು 200 ಗ್ರಾಂ) ಕಾಳು ತೊಳೆದು, ಹುಣಸೆರಸದ ಜೊತೆಗೇ ಕುಕ್ಕರಿನಲ್ಲಿ 4 ವಿಶಲ್ ಕೂಗಿಸಿದೆ. ಕಟ್ಟು (ಕಾಳು ಬೇಯಿಸಿ ಬಸಿದ ನೀರು) ತೆಳ್ಳಗೆ ಬಂತು, ಹಸಿ ವಾಸನೆ. ಕಾಳು ಹಲ್ಲಿಗೆ ಗಟ್ಟಿ.

ಹಿಟ್ಟಿನಕೋಲು:
ಹುಣಸೆ ಮೊದಲೇ ಬಿದ್ದದ್ದೇ ತಪ್ಪು. ಹುಳಿ ಸೇರಿದ ಮೇಲೆ ಕಾಳು ಬೇಗ ಮೆತ್ತಗಾಗಲ್ಲ. ಕಾಳು ಬೆಂದು ಒಡೆದರೆ ತಾನೇ ಕಟ್ಟಿಗೆ ಸಾರ ಇಳಿಯೋದು?

ಬಾಣಲೆಯಲ್ಲಿ ಸಣ್ಣ ಉರಿಗೆ 5 ನಿಮಿಷ ಹುರೀರಿ. ಘಮ ಬಂದು ಅಲ್ಲೊಂದು ಇಲ್ಲೊಂದು ಕಾಳು ಚಟಪಟ ಅಂದರೆ ಸಾಕು, ಕಪ್ಪಾದರೆ ಸಾರೆಲ್ಲ ಕಹಿ. ಆರಿದ ಮೇಲೆ ನೀರು ಹಾಕಿ ಎರಡು ಸಲ ಗಾಳಿಸಿ. ಹುರುಳಿಯಲ್ಲಿ ಕಾಳಿನದೇ ಬಣ್ಣದ ಕಲ್ಲಿರುತ್ತೆ, ಕೈಯಲ್ಲಿ ಆರಿಸಿದರೆ ಸಿಗಲ್ಲ, ಪಾತ್ರೆಯ ತಳದಲ್ಲೇ ಉಳೀಬೇಕು. ರಾತ್ರಿಯಿಡೀ ನೆನೆಸಿ, 6 ಲೋಟ ನೀರಿಗೆ 7 ವಿಶಲ್. ಬೆರಳಲ್ಲಿ ಹಿಚುಕಿದರೆ ಸಿಪ್ಪೆ ಜಾರಿ ಒಳಗಿನದು ಹಿಟ್ಟಾಗಬೇಕು. ಆಮೇಲೆ ಬಸೀರಿ.

ಕಾರಕಲ್ಲು:
ಕಾಯಿ ಬದಲು ಬೆಂದ ಕಾಳನ್ನೇ ರುಬ್ಬಿ, ಮಂದ ಬರೋದು ಅದರಿಂದ. ಒಂದು ಹಿಡಿ ಕಾಳು, 6 ಒಣಮೆಣಸಿನಕಾಯಿ, ಒಂದು ಚಮಚ ಧನಿಯ, ಅರ್ಧ ಚಮಚ ಜೀರಿಗೆ, 8 ಮೆಣಸು, ಸಿಪ್ಪೆ ಸಮೇತ ಸುಟ್ಟ ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆ. ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಡೋದು ಕ್ರಮ. ಗ್ಯಾಸಾದರೆ ಜಾಲರಿ ಇಟ್ಟು ಹೊರಸಿಪ್ಪೆ ಕಪ್ಪಾಗೋವರೆಗೆ ಸುಡಿ, ಸಿಪ್ಪೆ ತೆಗೆದು ರುಬ್ಬಿ. ಎಣ್ಣೆಯಲ್ಲಿ ಬಾಡಿಸಿದರೆ ಎಣ್ಣೆಯೂ ದಂಡ, ಆ ಸುಟ್ಟ ಘಮವೂ ಬರಲ್ಲ. ರುಬ್ಬಿದ ಈ ಖಾರವನ್ನು ಕಟ್ಟಿಗೆ ಕಲಸಿ, ಉಪ್ಪು ಹಾಕಿ 10 ನಿಮಿಷ ಕುದಿಸಿ. ಒಂದು ಚಮಚ ಎಣ್ಣೆ ಸಾಸಿವೆ, ಕರಿಬೇವಿನ ಒಗ್ಗರಣೆಗೆ ಇರಲಿ.

ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಪಲ್ಯವೂ ಆಗೋದರಿಂದಲೇ ಬಡವರ ಮನೆಯಲ್ಲಿ ಬಸ್ಸಾರು ನಿಂತಿತು. ಹುರುಳಿಯಂತೂ ಬೆದ್ದಲಿನಲ್ಲಿ (ಮಳೆಯನ್ನೇ ನಂಬಿದ ಹೊಲದಲ್ಲಿ) ಹಿಂದಾದ ಒಂದೆರಡು ಮಳೆಗೂ ಕೈಗೆ ಬರೋ ಬೆಳೆ.

ಸೌದೆಒಲೆ:
ನಮ್ಮದು ಬೋರ್ ನೀರು. ಬೇಗ ಬೇಯೋಕೆ ಚಿಟಿಕೆ ಅಡುಗೆ ಸೋಡ ಹಾಕಬಹುದಾ?

ಹಿಟ್ಟಿನಕೋಲು:
ಬೇಡ. ಸೋಡಕ್ಕೆ ಕಾಳು ಕರಗಿ ಲೋಳೆಯಾಗುತ್ತೆ, ಕಟ್ಟಿಗೆ ಸಾಬೂನಿನ ಒಗರು ಬರುತ್ತೆ. ಗಡಸು ನೀರಿಗೆ ಕಾಳು ಬೇಯೋದು ತಡ, ಹಾಗಾಗಿ ನೆನೆಸೋಕೂ ಬೇಯಿಸೋಕೂ ಗಡಸಲ್ಲದ ಕುಡಿಯೋ ನೀರು ಬಳಸಿ. ಹಳೇ ಕಾಳಾದರೆ ಇನ್ನೆರಡು ವಿಶಲ್ ಜಾಸ್ತಿ.

ಮುದ್ದೆಗೆ ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ಕುದಿಯೋ ನೀರಿಗೆ ಹಿಟ್ಟು ಗುಡ್ಡೆಯಾಗಿ ಸುರಿದು, ನಡುವೆ ಕೋಲಿಂದ ತೂತು ಮಾಡಿ 5 ನಿಮಿಷ ಮುಟ್ಟಬೇಡಿ. ಆತುರಕ್ಕೆ ತೊಳಸಿದರೆ ಗಂಟಾಗುತ್ತೆ. ತೊಳಸಿದ ಮೇಲೆ ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ, ಬಿಸಿಯಲ್ಲೇ ಕಟ್ಟಿ.