ಫ್ಲಾಟಿನ ಮನೆಯಲ್ಲಿ ಹೊಸ್ತಿಲು ಪೂಜೆ ಮುಂದುವರಿಸುವುದು ಹೇಗೆ?

ಅರಕಲಗೂಡಿನವನು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಅರಕಲಗೂಡು ಕಡೆಯವನು. ಕೆಲಸದ ಕಾರಣ ಬಹಳ ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ತಂದೆ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಯಲ್ಲಿಯೇ ಇದ್ದರು. ಕಳೆದ ಮಾರ್ಗಶಿರದಲ್ಲಿ ಅವರೂ ಹೋದರು.

ಊರಿನ ಮನೆಯಲ್ಲಿ ಹಲಸಿನ ಮರದ ದಪ್ಪ ಹೊಸ್ತಿಲಿತ್ತು. ಅಮ್ಮ ಬೆಳಿಗ್ಗೆ ಎದ್ದವರೇ ಅಂಗಳ ಗುಡಿಸಿ, ಸಗಣಿನೀರು ಹಾಕಿ, ರಂಗೋಲಿ ಬಿಟ್ಟು, ಹೊಸ್ತಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅದರ ಮೇಲೆ ಎರಡು ಎಳೆ ಎಳೆದು, ಅರಿಶಿನ ಕುಂಕುಮ ಇಟ್ಟು, ಗಿಡದಲ್ಲಿ ಸಿಕ್ಕ ಒಂದೆರಡು ಹೂವಿಟ್ಟು ಕೈಮುಗಿದ ಮೇಲೆಯೇ ಒಲೆ ಹಚ್ಚುತ್ತಿದ್ದರು. ಮಂಗಳವಾರ, ಶುಕ್ರವಾರ ಹೊಸ್ತಿಲಿಗೆ ಪೂರ್ತಿ ಅರಿಶಿನ ಬಳಿಯುತ್ತಿದ್ದರು. ಇಲ್ಲಿಗೆ ಬಂದಾಗ ಮುಂಬಾಗಿಲಿಗೆ ಹೊಸ್ತಿಲೇ ಇಲ್ಲದ್ದನ್ನು ನೋಡಿ ಅವರು ಮೊದಲ ದಿನ ಮಂಕಾದರು. ನೆಲಕ್ಕೆ ಸಮವಾಗಿ ಒಂದು ಗ್ರಾನೈಟ್ ಪಟ್ಟಿ ಮಾತ್ರ ಇತ್ತು. ಮರುದಿನದಿಂದ ಅದನ್ನೇ ಹೊಸ್ತಿಲೆಂದು ಭಾವಿಸಿ ಪೂಜೆ ಮುಂದುವರಿಸಿದರು.

ಅವರು ಹೋದ ದಿನದಿಂದ ಬಾಗಿಲ ಮುಂದೆ ಏನೂ ಇಲ್ಲ. ನನ್ನ ಹೆಂಡತಿ ಬೆಳಿಗ್ಗೆ 6 ಗಂಟೆಗೆ ಆಸ್ಪತ್ರೆಯ ಕೆಲಸಕ್ಕೆ ಹೊರಡುತ್ತಾಳೆ. ಆಕೆಯ ಮೇಲೆ ಇದನ್ನು ಹೇರುವುದು ನನಗೆ ಸರಿಯೆನಿಸುವುದಿಲ್ಲ. ನಾನೇ ಮಾಡಬೇಕೆಂದಿದ್ದೇನೆ. ನನ್ನ ಸಂದೇಹಗಳು ಇವು. ಗಂಡಸರು ಹೊಸ್ತಿಲು ಪೂಜೆ ಮಾಡಬಹುದೇ? ಮರದ ಹೊಸ್ತಿಲು ಇಲ್ಲದಿದ್ದರೂ ನಡೆಯುತ್ತದೆಯೇ? ನನಗೆ ರಂಗೋಲಿ ಎಳೆಯಲು ಬರುವುದಿಲ್ಲವಾದ್ದರಿಂದ ಅಂಗಡಿಯಲ್ಲಿ ಸಿಗುವ ಸ್ಟಿಕರ್ ಅಂಟಿಸಿದರೆ ಸಾಕೇ? ವರ್ಷಾಬ್ದಿಕ ಮುಗಿಯುವವರೆಗೂ ಕಾಯಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ಧಾರವಾಡದ ಅಕ್ಕ ಬರೆದ ಉತ್ತರ:

ನಿಮ್ಮ ತಾಯಿಯವರು ಗ್ರಾನೈಟ್ ಪಟ್ಟಿಯನ್ನೇ ಹೊಸ್ತಿಲೆಂದು ಪೂಜಿಸಿದರೆಂದ ಮೇಲೆ ನಿಮ್ಮ ಎರಡನೆಯ ಪ್ರಶ್ನೆಗೆ ಅವರೇ ಉತ್ತರ ಕೊಟ್ಟು ಹೋಗಿದ್ದಾರೆ. ಒಳಗು ಮತ್ತು ಹೊರಗು ಕೂಡುವ ಗೆರೆಯೇ ಹೊಸ್ತಿಲು. ಆ ಗೆರೆ ಎಲ್ಲಿದೆಯೋ ಅಲ್ಲಿ ಪೂಜೆ ಸಲ್ಲುತ್ತದೆ. ಆದರೂ ಮರದ್ದೇ ಬೇಕೆಂದು ಮನಸ್ಸಿಗೆ ಬಂದರೆ ಬಡಿಗರ ಹತ್ತಿರ ಬಾಗಿಲಿನ ಅಳತೆಗೆ ತೆಳುವಾದ ಒಂದು ಹಲಸಿನ ಅಥವಾ ತೇಗದ ಪಟ್ಟಿ ಮಾಡಿಸಿ ಕೂರಿಸಿಕೊಳ್ಳಬಹುದು. ಮನೆಯಲ್ಲಿ ಕೋಲೂರಿ ನಡೆಯುವವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಇದ್ದರೆ ಮಾತ್ರ ಬೇಡ. ಯಾರೂ ಎಡವದಿರುವುದು ಮುಖ್ಯ.

ನಮ್ಮ ಕಡೆ ಇದನ್ನು ಥಳಿ ರಂಗೋಲಿ ಎನ್ನುತ್ತೇವೆ. ಮೊದಲು ಕಸ ಗುಡಿಸಬೇಕು, ಆಮೇಲೆ ಥಳಿ ಹೊಡೆಯಬೇಕು, ಅಂದರೆ ನೀರು ಚಿಮುಕಿಸಬೇಕು. ನೆಲ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ ರಂಗೋಲಿ ಹಾಕಬೇಕು. ಪೂರ್ತಿ ಒಣಗಿದ ನುಣುಪು ಕಲ್ಲಿನ ಮೇಲೆ ಪುಡಿ ನಿಲ್ಲುವುದಿಲ್ಲ, ನೀರು ನಿಂತಿದ್ದರೆ ಎಳೆ ಹರಡಿಕೊಳ್ಳುತ್ತದೆ. ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಕೈಯನ್ನು ನೆಲಕ್ಕೆ ತಾಗಿಸದೆ, ಒಂದೇ ವೇಗದಲ್ಲಿ ಬಿಡುತ್ತಾ ಹೋಗಬೇಕು. ಎಳೆ ದಪ್ಪ ತೆಳುವಾಗುವುದು ಕೈ ನಿಂತು ನಿಂತು ಸಾಗುವುದರಿಂದ. ಹೊಸಬರು ಹೊಸ್ತಿಲಿನ ಉದ್ದಕ್ಕೆ ಎರಡು ಎಳೆ, ಅದರ ಮುಂದೆ ನಾಲ್ಕು ಚುಕ್ಕಿಯ ಒಂದು ಸಣ್ಣ ಪದ್ಮ, ಅಷ್ಟನ್ನೇ ತಿಂಗಳೆರಡು ತಿಂಗಳು ಹಾಕಲಿ. ಹೊಸ್ತಿಲಿಗೆ ಅರಿಶಿನ ಕುಂಕುಮ, ಹೂವು, ಅಕ್ಷತೆ ಏರಿಸಿದರೆ ಬೆಳಗಿನ ಪೂಜೆ ಮುಗಿಯಿತು. ಸಂಜೆ ದೇವರ ದೀಪ ಹಚ್ಚಿದಾಗ ಬಾಗಿಲ ಬಳಿಯೂ ಒಂದು ದೀಪ ಇಡುವುದು, ದೀಪ ಹಚ್ಚಿದ ಮೇಲೆ ಕಸ ಗುಡಿಸದಿರುವುದು, ಇವು ನಿಮಗೂ ಗೊತ್ತೇ ಇರುತ್ತವೆ.

ನನ್ನ ಅತ್ತೆಯವರು ಚಾತುರ್ಮಾಸದಲ್ಲಿ ಗೋಪದ್ಮ ವ್ರತ ಹಿಡಿದು ನಿತ್ಯ 33 ಗೋಪದ್ಮ ಬರೆಯುತ್ತಿದ್ದರು. ದೀಪಾವಳಿಯ ಪಾಡ್ಯದಂದು ನಮ್ಮಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಕ್ಕಿಸಿ ಬಾಗಿಲಲ್ಲಿ ಇಡುತ್ತೇವೆ. ಅವೆಲ್ಲ ನಿಮಗೆ ಈಗ ಬೇಕಾಗಿಲ್ಲ. ನಿತ್ಯದ್ದು ಕೈಗೆ ಹತ್ತಿದರೆ ನೈಮಿತ್ತಿಕ ತಾನಾಗಿ ಬರುತ್ತದೆ.

ಅಪಾರ್ಟ್‌ಮೆಂಟ್ ಸಂಘದ ಸದಸ್ಯ ಬರೆದ ಉತ್ತರ:

ಒಂದು ವ್ಯಾವಹಾರಿಕ ಮಾತು. ಕಲ್ಲಿನ ಪುಡಿಯ ರಂಗೋಲಿ ನುಣುಪಾದ ಟೈಲ್ಸ್ ಮೇಲೆ ಜಾರುತ್ತದೆ. ಅಕ್ಕಿ ಹಿಟ್ಟು ಹಾಕಿದರೆ ಇರುವೆ ಬರುತ್ತದೆ. ಇರುವೆ ಗುಬ್ಬಿಗಳಿಗೆ ಆಹಾರವಾಗಲಿ ಎಂಬ ಭಾವನೆಯಿಂದಲೇ ಹಿರಿಯರು ಅಕ್ಕಿ ಹಿಟ್ಟು ಬಳಸುತ್ತಿದ್ದರು, ಅದು ಒಳ್ಳೆಯದೇ, ಆದರೆ ಮೂರನೆಯ ಮಹಡಿಯ ಮುಚ್ಚಿದ ಕಾರಿಡಾರಿನಲ್ಲಿ ಪಕ್ಕದ ಮನೆಯವರಿಗೆ ತೊಂದರೆಯಾಗುತ್ತದೆ. ಕೆಲಸದವರು ನೆಲ ಒರೆಸುವ ಹೊತ್ತು ಕೇಳಿಕೊಂಡು ಅದರ ನಂತರ ಹಾಕಿ. ಬಾಗಿಲಿನ ಚೌಕಟ್ಟಿನಿಂದ ಒಂದು ಅಡಿಯೊಳಗೆ ಇರಲಿ, ಯಾರೂ ತುಳಿಯುವುದಿಲ್ಲ.

ಒಬ್ಬ ಗೃಹಿಣಿ ಬರೆದ ಉತ್ತರ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆಯಾಗಿದೆ, ಬೇಸರ ಮಾಡಿಕೊಳ್ಳಬಾರದು. ಹೊಸ್ತಿಲಲ್ಲಿ ಲಕ್ಷ್ಮಿಯ ವಾಸವೆಂದು ನಂಬುತ್ತೇವೆ. ಸೇರಿನ ಅಕ್ಕಿಯನ್ನು ಬಲಗಾಲಿನಿಂದ ಒಳಕ್ಕೆ ಚೆಲ್ಲಿ ಮನೆ ತುಂಬಿಸಿಕೊಂಡ ಸೊಸೆಗೆ ಆ ಹೊಸ್ತಿಲಿನ ಪೂಜೆಯ ಅಧಿಕಾರ ಬರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆದ್ದರಿಂದ ನಿಮ್ಮ ಮನೆಯವರು ವಾರದಲ್ಲಿ ಶುಕ್ರವಾರ ಒಂದು ದಿನವಾದರೂ ಮಾಡಿದರೆ ಚೆನ್ನ. ಉಳಿದ ದಿನ ಸ್ಟಿಕರ್ ಇರಲಿ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು.

ಮೈಸೂರಿನ ನಿವೃತ್ತ ಶಿಕ್ಷಕ ಬರೆದ ಉತ್ತರ:

ಮೇಲಿನ ತಾಯಿಯವರ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಹೊಸ್ತಿಲು ಪೂಜೆ ಹೆಂಗಸರಿಗೆ ಮಾತ್ರ ಸೇರಿದ್ದು ಎಂಬುದನ್ನು ನನ್ನ ಅನುಭವ ಒಪ್ಪುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮಂಥ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ಬೇರೆ ಹೆಂಗಸರಿಲ್ಲದ ಮನೆಯಲ್ಲಿ ಆ ಮೂರು ದಿನ ಅಡುಗೆ ಮಾಡಿದವರೂ ಹೊಸ್ತಿಲಿಗೆ ಎಳೆ ಎಳೆದವರೂ ಗಂಡಸರೇ. ನನ್ನ ತಂದೆ ಪಂಚೆಯನ್ನು ಮೇಲಕ್ಕೆ ಕಟ್ಟಿ ಕುಕ್ಕರುಗಾಲಿನಲ್ಲಿ ಕುಳಿತು ಎಳೆಯುತ್ತಿದ್ದ ರಂಗೋಲಿ ಇನ್ನೂ ಕಣ್ಣಿನಲ್ಲಿದೆ. ಅಮ್ಮನ ಎಳೆಯಷ್ಟು ತೆಳುವಾಗಿರುತ್ತಿರಲಿಲ್ಲ, ಆದರೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಹೋಮ ಹವನಗಳಲ್ಲಿ ಮಂಡಲ ಬರೆಯುವವರು ಪುರೋಹಿತರೇ ಅಲ್ಲವೇ? ಕರಾವಳಿಯ ನಾಗಮಂಡಲದಲ್ಲಿ ಐದು ಬಣ್ಣದ ಪುಡಿಗಳಿಂದ ಅಷ್ಟು ದೊಡ್ಡ ಸರ್ಪಾಕೃತಿಯನ್ನು ಬರೆಯುವ, ವೈದ್ಯರೆಂದು ಕರೆಯಲಾಗುವ ಕಲಾವಿದರೂ ಗಂಡಸರೇ. ಆದ್ದರಿಂದ ತಾವು ನಿಸ್ಸಂಕೋಚವಾಗಿ ಮಾಡಿ. ಮನೆಯವರಿಗೆ ಬಿಡುವಿದ್ದು ಮನಸ್ಸಾದ ದಿನ ಅವರೂ ಮಾಡಲಿ.

ಸ್ಟಿಕರಿನ ವಿಷಯದಲ್ಲಿ ಮಾತ್ರ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹಿಂದೆ ನಮ್ಮ ಅಗ್ರಹಾರದ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದು ಹೋದರೆ ಯಾರ ಮನೆಯಲ್ಲಿ ಏನಾಗಿದೆ ಎಂಬುದು ಬಾಗಿಲು ಬಡಿಯದೆಯೇ ತಿಳಿಯುತ್ತಿತ್ತು. ಕೆಮ್ಮಣ್ಣಿನ ಅಂಚು ಕಟ್ಟಿದ ದೊಡ್ಡ ರಂಗೋಲಿ ಇದ್ದರೆ ಹಬ್ಬವೋ, ವ್ರತವೋ, ಹೆಣ್ಣು ನೋಡಲು ಬರುವವರಿದ್ದಾರೋ ಎಂದುಕೊಳ್ಳುತ್ತಿದ್ದೆವು. ಧನುರ್ಮಾಸದಲ್ಲಿ ರಂಗೋಲಿಯ ನಡುವೆ ಗರಿಕೆ ಸಿಕ್ಕಿಸಿದ ಸಗಣಿ ಬೆನಕನಿರುತ್ತಿದ್ದ, ಕುಂಬಳದ ಹೂವಿರುತ್ತಿತ್ತು. ನಿತ್ಯ ಕಾಣುತ್ತಿದ್ದ ರಂಗೋಲಿ ಒಂದು ಬೆಳಿಗ್ಗೆ ಕಾಣದಿದ್ದರೆ ಬೀದಿಯವರ ಎದೆ ಒಮ್ಮೆ ಝಲ್ಲೆನ್ನುತ್ತಿತ್ತು. ಸಾವಾದ ಮನೆಯಲ್ಲಿ ರಂಗೋಲಿ ಹಾಕುವುದಿಲ್ಲ. ಶ್ರಾದ್ಧದ ದಿನವೂ ಬ್ರಾಹ್ಮಣ ಭೋಜನ, ಪಿಂಡಪ್ರದಾನ ಎಲ್ಲ ಮುಗಿಯುವವರೆಗೆ ಹಾಕುವುದಿಲ್ಲ. ಆ ದಿನ ಆ ಮನೆಗೆ ಯಾರೂ ಸಾಲ ಕೇಳಲು, ಸುಮ್ಮನೆ ಹರಟಲು ಹೋಗುತ್ತಿರಲಿಲ್ಲ. ವಯಸ್ಸಾದವರು ಒಬ್ಬರೇ ಇರುವ ಮನೆಯ ಮುಂದೆ ರಂಗೋಲಿ ಇಲ್ಲದಿದ್ದರೆ ಪಕ್ಕದವರು ಹೋಗಿ ವಿಚಾರಿಸುತ್ತಿದ್ದರು. ಹಾಗೆ ವಿಚಾರಿಸಲು ಹೋದದ್ದರಿಂದಲೇ ನಮ್ಮ ಎದುರು ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿರುವುದು ತಿಳಿದು, ಅವರನ್ನು ಹೊತ್ತಿಗೆ ಸರಿಯಾಗಿ ವೈದ್ಯರ ಬಳಿಗೆ ಕರೆದೊಯ್ಯಲು ಸಾಧ್ಯವಾಯಿತು.

ಸ್ಟಿಕರ್ ಈ ಮಾತುಗಳಲ್ಲಿ ಒಂದನ್ನೂ ಆಡಲಾರದು. ಅದು ಹಬ್ಬದ ದಿನವೂ ಇರುತ್ತದೆ, ಸಾವಿನ ದಿನವೂ ಇರುತ್ತದೆ. ಹೊಸ್ತಿಲಿಗೆ ಹಳದಿ ಎಣ್ಣೆ ಬಣ್ಣ ಬಳಿದು ಅದರ ಮೇಲೆ ಶಾಶ್ವತವಾಗಿ ಎಳೆ ಬರೆಸುವವರಿಗೂ ನಾನು ಇದನ್ನೇ ಹೇಳುತ್ತೇನೆ. ಬಣ್ಣ ಇರಲಿ, ಆದರೆ ಅದರ ಮೇಲೆ ಇವತ್ತಿನದು ಅಂತ ಒಂದು ಎಳೆ, ಒಂದು ಹೂವು ಬೀಳಲಿ. ಅರಿಶಿನ ಕ್ರಿಮಿನಾಶಕ, ರಂಗೋಲಿ ವ್ಯಾಯಾಮ ಎಂದೆಲ್ಲ ಕಾರಣ ಹುಡುಕಿ ಈ ಆಚಾರವನ್ನು ಸಮರ್ಥಿಸುವವರಿದ್ದಾರೆ. ಅದರ ಅಗತ್ಯ ನನಗೆ ಕಂಡಿಲ್ಲ. ಈ ಮನೆಯಲ್ಲಿ ಇವತ್ತು ಬೆಳಗಾಗಿದೆ, ಒಳಗಿರುವವರು ಎದ್ದು ಕ್ಷೇಮವಾಗಿದ್ದಾರೆ ಎಂದು ದೇವರಿಗೂ ದಾರಿಹೋಕರಿಗೂ ತಿಳಿಸುವುದೇ ಸಾಕಷ್ಟು ದೊಡ್ಡ ಕಾರಣ.

ಕೊನೆಯ ಪ್ರಶ್ನೆ. 13ನೆಯ ದಿನ ಶುಭಸ್ವೀಕಾರ ಆದ ಮೇಲೆ ನಿತ್ಯದ ಹೊಸ್ತಿಲು ಪೂಜೆ, ದೇವರ ದೀಪ ನಡೆಸುವುದು ನಮ್ಮ ಕಡೆಯ ರೂಢಿ. ವರ್ಷ ತುಂಬುವವರೆಗೆ ಬಿಡುವುದು ಹಬ್ಬದ ಸಡಗರವನ್ನು. ತಮ್ಮ ಮನೆತನದ ಪದ್ಧತಿಯನ್ನು ಪುರೋಹಿತರಲ್ಲಿ ಒಮ್ಮೆ ಕೇಳಿಕೊಳ್ಳಿ.

ಕುಂದಾಪುರದ ಸೊಸೆ ಬರೆದ ಉತ್ತರ:

ಮೇಷ್ಟ್ರ ಮಾತು ಓದಿದಾಗ ಕಣ್ಣು ತುಂಬಿ ಬಂತು. ನಮ್ಮ ಕಡೆಯದನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ರಂಗೋಲಿ ಎಳೆಯಲು ಬಾರದವರಿಗೆ ಇದು ಸುಲಭವಾಗಬಹುದು. ನಮ್ಮಲ್ಲಿ ಹೊಸ್ತಿಲು ಬರೆಯುವುದು ಎನ್ನುತ್ತಾರೆ. ಪುಡಿಯ ಬದಲು ಶೇಡಿ ಮಣ್ಣನ್ನು, ಅಂದರೆ ಬಿಳಿ ಜೇಡಿಮಣ್ಣನ್ನು, ನೀರಿನಲ್ಲಿ ಕಲಸಿ ಬೆರಳಿನಿಂದ ಬರೆಯುತ್ತೇವೆ. ಬರೆಯುವಾಗ ಎಳೆ ಮಸುಕಾಗಿ ಕಾಣುತ್ತದೆ, ಒಣಗುತ್ತಾ ಬಂದಂತೆ ಬೆಳ್ಳಗಾಗುತ್ತದೆ. ಪುಡಿಯಂತೆ ಗಾಳಿಗೆ ಹಾರುವುದಿಲ್ಲ, ಕಾಲಿಗೆ ಜಾರುವುದಿಲ್ಲ, ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಶೇಡಿ ಸಿಗದಿದ್ದರೆ ಅಕ್ಕಿ ನೆನೆಸಿ ರುಬ್ಬಿದ ತೆಳು ಹಿಟ್ಟಿನಲ್ಲಿಯೂ ಬರೆಯಬಹುದು.

ನಮಗೆ ಸೋಣೆ ತಿಂಗಳು, ಅಂದರೆ ಸಿಂಹ ಸಂಕ್ರಮಣದಿಂದ ಮುಂದಿನ ಸಂಕ್ರಮಣದವರೆಗೆ, ಹೊಸ್ತಿಲಿನದೇ ತಿಂಗಳು. ಹೊರಗೆ ಮಳೆ ಸುರಿಯುತ್ತಿರುತ್ತದೆ, ಅಂಗಳದಲ್ಲಿ ರಂಗೋಲಿ ನಿಲ್ಲುವುದಿಲ್ಲ, ಆಗ ದಿನವೂ ಹೊಸ್ತಿಲು ಬರೆದು ಗದ್ದೆಯಂಚಿನಲ್ಲಿ ಅರಳಿದ ಹೂವುಗಳನ್ನು ಇಟ್ಟು ಪೂಜಿಸುತ್ತೇವೆ. ನೆರೆಮನೆಯ ಕೊಂಕಣಿಗರು ಶ್ರಾವಣದ ಶುಕ್ರವಾರ, ಭಾನುವಾರಗಳಲ್ಲಿ ಚೂಡಿ ಪೂಜೆ ಮಾಡುತ್ತಾರೆ. ಗರಿಕೆಯನ್ನೂ ಸಣ್ಣ ಸಣ್ಣ ಹೂವುಗಳನ್ನೂ ಸೇರಿಸಿ ಕಟ್ಟಿದ ಚೂಡಿಯನ್ನು ತುಳಸಿಗೆ, ಹೊಸ್ತಿಲಿಗೆ ಏರಿಸಿ, ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ದೂರದ ಊರಿನಲ್ಲಿರುವ ಹಿರಿಯರಿಗೆ ಅಂಚೆಯಲ್ಲಿ ಕಳುಹಿಸುವುದೂ ಉಂಟು.

ಅರಕಲಗೂಡಿನವನ ಮರುಮಾತು:

ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಸ್ಟಿಕರ್ ತರುವುದಿಲ್ಲ. ಅಮ್ಮನ ರಂಗೋಲಿ ಡಬ್ಬ ಅಡುಗೆಮನೆಯ ಕಪಾಟಿನಲ್ಲಿ ಹಾಗೆಯೇ ಇದೆ, ಪುಡಿಯೂ ಅರ್ಧದಷ್ಟಿದೆ. ಪುರೋಹಿತರನ್ನು ಫೋನಿನಲ್ಲಿ ಕೇಳಿದೆ. ನಿತ್ಯದ ಪೂಜೆಗೆ ಅಡ್ಡಿಯಿಲ್ಲ, ಇಷ್ಟು ದಿನ ಬಿಡಬೇಕಾಗಿರಲಿಲ್ಲ ಎಂದರು. ಈ ಶುಕ್ರವಾರದಿಂದ ಆರಂಭಿಸುತ್ತೇನೆ. ಅಮ್ಮನ ತಿಥಿ ಮಾರ್ಗಶಿರ ಬಹುಳ ಪಂಚಮಿ, ಇನ್ನು ಒಂದೂವರೆ ತಿಂಗಳಿದೆ. ಮೇಷ್ಟ್ರನ್ನು ಇನ್ನೊಂದು ಕೇಳಬೇಕು. ಆ ದಿನ ಬೆಳಿಗ್ಗೆ ಹಿಂದಿನ ದಿನದ ರಂಗೋಲಿಯನ್ನು ಒರೆಸಿಬಿಡಬೇಕೇ, ಅಥವಾ ಹಾಗೆಯೇ ಬಿಟ್ಟು ಹೊಸದನ್ನು ಮಾತ್ರ ಹಾಕದಿರಬೇಕೇ?

ಮೈಸೂರಿನ ನಿವೃತ್ತ ಶಿಕ್ಷಕ:

ಒರೆಸಿಬಿಡಿ. ಹೊಸ್ತಿಲನ್ನು ನೀರಿನಿಂದ ತೊಳೆದು ಬರಿದಾಗಿಯೇ ಬಿಡಬೇಕು, ಹೂವನ್ನೂ ಇಡಬಾರದು. ಬ್ರಾಹ್ಮಣರ ಊಟವಾಗಿ, ಪಿಂಡ ವಿಸರ್ಜನೆಯಾಗಿ, ಮನೆಯವರೆಲ್ಲರ ಊಟ ಮುಗಿದ ಮೇಲೆ ನೆಲ ಸಾರಿಸಿ, ಸಂಜೆ ದೀಪ ಹಚ್ಚುವ ಮುನ್ನ ಒಂದು ಸಣ್ಣ ರಂಗೋಲಿ ಹಾಕಿ. ಅಷ್ಟರೊಳಗೆ ನಿಮ್ಮ ಮಹಡಿಯವರಿಗೆ ನಿಮ್ಮ ಬಾಗಿಲ ರಂಗೋಲಿ ಅಭ್ಯಾಸವಾಗಿರುತ್ತದೆ. ಬೆಳಿಗ್ಗೆ ಕಾಣದೆ ಯಾರಾದರೂ ಕೇಳಿದರೆ ಅಮ್ಮನ ತಿಥಿ ಎಂದು ಹೇಳಿ.